ಒಳಕಿವಿ, ಆಪರೇಷನ್, ಬ್ಯಾಕ್ಟೀರಿಯಾದ ವಿಷ: ಪ್ರಾಣಿಗಳ ಕೇಳುವಿಕೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಮಳೆಗಾಲ ಹಿಡಿದರೆ ನಾಯಿ, ಬೆಕ್ಕು, ಕರುಗಳ ಕಿವಿಯ ತೊಂದರೆ ಜಾಸ್ತಿ. ಬಟ್ಟೆಯೇ ಒಣಗದ ಗಾಳಿಯಲ್ಲಿ ಕಿವಿ ಎಲ್ಲಿ ಒಣಗೀತು? ಔಷಧಿಯ ಜೊತೆ ಬರುವ ಚೀಟಿ ಇಂಗ್ಲಿಷಿನಲ್ಲಿ, ಪಶು ಆಸ್ಪತ್ರೆಯ ಗೋಡೆಯ ಪೋಸ್ಟರ್ ಮಲಯಾಳದಲ್ಲಿ. ಕನ್ನಡದಲ್ಲಿ ಕೇಳಿದವರಿಗೆ ಕನ್ನಡದಲ್ಲೇ ಉತ್ತರ ಇರಲಿ ಎಂದು ಈ ಪುಟ. ಪ್ರಾಣಿ ಸಾಕಿದವರ ಜೊತೆಗೆ ಜೀವಶಾಸ್ತ್ರ, ವೆಟರ್ನರಿ ಓದುವ ಮಕ್ಕಳೂ ಕೇಳುತ್ತಾರೆ. ಹಾಗಾಗಿ ಕೆಲವು ಉತ್ತರಗಳು ಹಟ್ಟಿಯಿಂದ ಲ್ಯಾಬಿಗೆ ಹೋಗಿ ಬರುತ್ತವೆ.

ನಾಯಿಯ ಕಿವಿ ಸೋರುತ್ತಿದೆ. ಅದು ಕಿವುಡಾಗುತ್ತದೆಯೇ?

ಸೋಂಕು ಹೊರಕಿವಿಯಲ್ಲಿ ಮಾತ್ರ ಇದ್ದರೆ ಸಾಮಾನ್ಯವಾಗಿ ಇಲ್ಲ. ಊತ, ಕೊಳೆ ತುಂಬಿ ದಾರಿ ಕಟ್ಟಿಕೊಂಡಾಗ ಕೇಳುವುದು ಮಂದವಾಗುತ್ತದೆ. ದಾರಿ ತೆರವಾದರೆ ವಾಪಸ್ ಬರುತ್ತದೆ.

ಹೆದರಬೇಕಾದದ್ದು ತಿಂಗಳುಗಟ್ಟಲೆ ಉಳಿದ ಸೋಂಕಿಗೆ. ನಾಯಿಯ ಕಿವಿನಾಳ ಮೊದಲು ಕೆಳಕ್ಕೆ ಇಳಿಯುತ್ತದೆ, ಆಮೇಲೆ ಒಳಕ್ಕೆ ತಿರುಗುತ್ತದೆ. ಆ ತಿರುವಿನಲ್ಲಿ ಪಸೆ ನಿಲ್ಲುತ್ತದೆ. ಜೋಲು ಕಿವಿಯ ಕಾಕರ್ ಸ್ಪ್ಯಾನಿಯಲ್‌ನಂಥ ತಳಿಗಳಿಗೆ ಗಾಳಿಯೂ ಆಡುವುದಿಲ್ಲ. ಶುರುವಿನಲ್ಲಿ ಸಿಗುವುದು ಹೆಚ್ಚಾಗಿ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಮತ್ತು ಮಲಸೇಜಿಯ ಎಂಬ ಯೀಸ್ಟ್. ಹಳೇ ಸೋಂಕಿನಲ್ಲಿ ಸ್ಯೂಡೊಮೊನಾಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಬಂದು ಕೂರುತ್ತದೆ. ಇದು ಬಂದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಮಾಮೂಲಿ ಔಷಧಿಗೆ ಜಗ್ಗುವುದಿಲ್ಲ. ಕಿವಿತಮಟೆ ಹರಿದು ಸೋಂಕು ನಡುಕಿವಿಗೆ ಇಳಿಯುತ್ತದೆ. ಅಲ್ಲಿಂದ ಒಳಕಿವಿ ದೂರ ಇಲ್ಲ.

ಒಳಕಿವಿ ಅಂದರೆ ಎಲ್ಲಿ? ಅದಕ್ಕೆ ಯಾಕೆ ಅಷ್ಟು ಹೆದರಿಸುತ್ತೀರಿ?

ತಮಟೆಯ ಆಚೆ ಗಾಳಿ ತುಂಬಿದ ಸಣ್ಣ ಕೋಣೆ ಇದೆ, ಅದು ನಡುಕಿವಿ. ಅದರೊಳಗೆ ಮೂರು ಪುಟ್ಟ ಮೂಳೆಗಳು. ಅದಕ್ಕೂ ಆಚೆ, ತಲೆಬುರುಡೆಯ ಅತಿ ಗಟ್ಟಿ ಮೂಳೆಯೊಳಗೆ ಹುದುಗಿರುವುದು ಒಳಕಿವಿ. ಅದರಲ್ಲಿ ಎರಡು ಭಾಗ. ಸುರುಳಿ ಸುತ್ತಿದ ಕಾಕ್ಲಿಯಾ ಕೇಳುವುದಕ್ಕೆ. ಅರ್ಧವೃತ್ತದ ಮೂರು ನಾಳಗಳು ಮತ್ತು ಅವುಗಳ ಬುಡದ ಚೀಲಗಳು ದೇಹದ ತೋಲ, ಅಂದರೆ ಸಮತೋಲ, ಕಾಯುವುದಕ್ಕೆ. ಎರಡರಲ್ಲೂ ಇರುವುದು ಅವೇ ದ್ರವಗಳು, ಒಂದೇ ಮೂಳೆಮನೆ. ಹಾಗಾಗಿ ಒಂದಕ್ಕೆ ಪೆಟ್ಟು ಬಿದ್ದರೆ ಇನ್ನೊಂದೂ ಪಾರಾಗುವುದು ಕಷ್ಟ.

ಮನುಷ್ಯರ ಕಾಕ್ಲಿಯಾ ಸುಮಾರು ಎರಡೂವರೆ ಸುತ್ತು. ದನದ್ದು ಸುಮಾರು ಮೂರೂವರೆ, ಗಿನಿಯಿಲಿಯದ್ದು ಹತ್ತಿರ ಹತ್ತಿರ ನಾಲ್ಕು. ಒಳಗೆ ಸದ್ದು ಹಿಡಿಯುವ ಕೂದಲುಕೋಶಗಳು ಸಾಲಾಗಿ ನಿಂತಿರುತ್ತವೆ. ಮನುಷ್ಯರ ಒಂದು ಕಿವಿಯಲ್ಲಿ ಇವು ಹೆಚ್ಚೆಂದರೆ 15,000 ಚಿಲ್ಲರೆ. ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳು ಕೋಟಿಗಟ್ಟಲೆ ಇರುವಾಗ ಕಿವಿಗೆ ಇಷ್ಟೇ! ಹೆದರಿಸುವುದು ಅದಕ್ಕೇ. ದಾಸ್ತಾನು ಕಡಿಮೆ, ಹೋದರೆ ಹೊಸದು ಬರುವುದಿಲ್ಲ.

ಕೀವು ನಡುಕಿವಿಯಲ್ಲೇ ಇದೆ, ಒಳಗೆ ಹೋಗಿಲ್ಲ ಅಂದರು. ಮತ್ತೆ ಕೇಳುವುದು ಯಾಕೆ ಕಡಿಮೆಯಾಯಿತು?

ಕೀವು ಹೋಗಬೇಕಾಗಿಲ್ಲ, ಅದರಲ್ಲಿರುವ ವಿಷ ಹೋದರೆ ಸಾಕು.

ನಡುಕಿವಿ ಮತ್ತು ಒಳಕಿವಿಯ ನಡುವಿನ ಮೂಳೆಗೋಡೆಯಲ್ಲಿ ಎರಡು ಕಿಂಡಿಗಳಿವೆ. ಅಂಡಾಕಾರದ ಕಿಂಡಿಯನ್ನು ಮೂರನೆಯ ಮೂಳೆಯ ಪಾದ ಮುಚ್ಚಿಕೊಂಡಿರುತ್ತದೆ. ದುಂಡು ಕಿಂಡಿಗೆ ಬರೀ ಒಂದು ಪೊರೆ. ಮನುಷ್ಯರಲ್ಲಿ ಆ ಪೊರೆ ಸುಮಾರು 70 ಮೈಕ್ರಾನ್ ದಪ್ಪ, ಅಂದರೆ ಒಂದು ತಲೆಕೂದಲಿನಷ್ಟು. ಇಲಿ, ಗಿನಿಯಿಲಿಗಳಲ್ಲಿ ಇನ್ನೂ ಎಷ್ಟೋ ತೆಳು. ಬ್ಯಾಕ್ಟೀರಿಯಾ ಇದನ್ನು ಸುಲಭವಾಗಿ ದಾಟುವುದಿಲ್ಲ. ಅದು ಬಿಡುವ ವಿಷದ ಅಣುಗಳು ದಾಟುತ್ತವೆ. ಗಿನಿಯಿಲಿ, ಇಲಿ, ಚಿಂಚಿಲ್ಲಾಗಳ ನಡುಕಿವಿಗೆ ಬ್ಯಾಕ್ಟೀರಿಯಾದ ವಿಷ ಹಾಕಿ ಇದನ್ನು ಮತ್ತೆ ಮತ್ತೆ ನೋಡಿದ್ದಾರೆ. ಕೇಳುವ ಶಕ್ತಿ ಕುಸಿಯುತ್ತದೆ, ಕಾಕ್ಲಿಯಾದ ಬುಡದ ಕೋಶಗಳು ಹಾಳಾಗುತ್ತವೆ.

ಬುಡದ್ದೇ ಯಾಕೆ? ದುಂಡು ಕಿಂಡಿ ಇರುವುದು ಅಲ್ಲೇ. ಆ ಜಾಗ ಕೀಚಲು ಸದ್ದುಗಳಿಗೆ ಮೀಸಲು. ಹಾಗಾಗಿ ಮೊದಲು ಹೋಗುವುದು ಎತ್ತರದ ಸದ್ದು.

ಇನ್ನೊಂದು ವಿಷಯ ಓದುವ ಮಕ್ಕಳಿಗೆ. ಸೋಂಕು ಶುರುವಾದ ಹೊಸದರಲ್ಲಿ ಈ ಪೊರೆ ಮಾಮೂಲಿಗಿಂತ ಜಾಸ್ತಿ ಸೋರುತ್ತದೆ. ದಿನ ಕಳೆದಂತೆ ಊತದಿಂದ ದಪ್ಪಗಾಗಿ ಸೋರುವುದು ಕಡಿಮೆಯಾಗುತ್ತದೆ. ಅಂದರೆ "ನಾಲ್ಕು ದಿನ ನೋಡೋಣ" ಎನ್ನುವ ಆ ಮೊದಲ ದಿನಗಳೇ ಬಾಗಿಲು ತೆರೆದಿರುವ ಹೊತ್ತು. ಹಳೇ ಸೋಂಕಿನ ಅಪಾಯ ಬೇರೆ ಬಗೆಯದು. ಅದು ಮೂಳೆಯನ್ನೇ ಕೊರೆದು ದಾರಿ ಮಾಡಿಕೊಳ್ಳಬಹುದು.

ಯಾವ ವಿಷ ಅದು? ಎಲ್ಲ ಬ್ಯಾಕ್ಟೀರಿಯಾದ್ದೂ ಒಂದೇ ಏನು?

ಒಂದೇ ಅಲ್ಲ. ಮೂರು ಬಗೆಯದ್ದನ್ನು ಹೇಳುತ್ತೇನೆ.

ಚೆನ್ನಾಗಿ ಗೊತ್ತಿರುವುದು ನ್ಯುಮೊಲೈಸಿನ್. ಇದನ್ನು ಮಾಡುವುದು ನ್ಯುಮೊಕಾಕಸ್, ಅಂದರೆ ಮನುಷ್ಯರಲ್ಲಿ ನ್ಯುಮೋನಿಯಾ, ಮೆನಿಂಜೈಟಿಸ್ (ಮಿದುಳಿನ ಹೊದಿಕೆಯ ಉರಿಯೂತ), ಮಕ್ಕಳ ಕಿವಿಸೋಂಕು ತರುವ ಬ್ಯಾಕ್ಟೀರಿಯಾ. ನಮ್ಮ ಕೋಶಗಳ ಹೊರಪೊರೆಯಲ್ಲಿ ಕೊಲೆಸ್ಟರಾಲ್ ಇರುತ್ತದಲ್ಲ, ಈ ವಿಷ ಅದಕ್ಕೇ ಅಂಟಿಕೊಳ್ಳುತ್ತದೆ. ಹತ್ತಾರು ಅಣುಗಳು ಉಂಗುರವಾಗಿ ಸೇರಿ ಪೊರೆಯಲ್ಲಿ ತೂತು ಮಾಡುತ್ತವೆ. ತಳದಲ್ಲಿ ತೂತು ಬಿದ್ದ ದೋಣಿಯ ಗತಿಯೇ ಆ ಕೋಶಕ್ಕೆ. 1997ರಲ್ಲಿ ಪ್ರಕಟವಾದ ಒಂದು ಕೆಲಸದಲ್ಲಿ ಗಿನಿಯಿಲಿಗಳಿಗೆ ನ್ಯುಮೊಕಾಕಸ್‌ನಿಂದ ಮೆನಿಂಜೈಟಿಸ್ ಬರಿಸಿದ್ದರು. ಕೆಲವಕ್ಕೆ ಮಾಮೂಲಿ ತಳಿ, ಕೆಲವಕ್ಕೆ ನ್ಯುಮೊಲೈಸಿನ್ ಮಾಡಲಾರದ ತಳಿ. ಎರಡನೆಯ ಗುಂಪಿನಲ್ಲಿ ಕಾಕ್ಲಿಯಾಗೆ ಆದ ಹಾನಿ ತುಂಬ ಕಡಿಮೆ. ಕಾಯಿಲೆ ಒಂದೇ, ವಿಷ ಇಲ್ಲ, ಕಿವಿ ಉಳಿಯಿತು. ಇಷ್ಟು ನೇರವಾದ ಸಾಕ್ಷಿ ಈ ವಿಷಯದಲ್ಲಿ ಅಪರೂಪ.

ಎರಡನೆಯದು ಎಂಡೊಟಾಕ್ಸಿನ್. ಇದನ್ನು ಬ್ಯಾಕ್ಟೀರಿಯಾ ಬೇಕೆಂದೇ ಹೊರಗೆ ಬಿಡುವುದಲ್ಲ. ಇ. ಕೋಲೈ, ಸ್ಯೂಡೊಮೊನಾಸ್‌ಗಳಂಥವುಗಳ ಹೊರಗೋಡೆಯದೇ ಒಂದು ಭಾಗ ಇದು. ಬ್ಯಾಕ್ಟೀರಿಯಾ ಸತ್ತು ಒಡೆದಾಗ ಇನ್ನೂ ಜಾಸ್ತಿ ಬಿಡುಗಡೆಯಾಗುತ್ತದೆ. ಇದು ತಾನೇ ಕೋಶವನ್ನು ಚುಚ್ಚುವುದಿಲ್ಲ, ದೇಹದ ಉರಿಯೂತವನ್ನು ಎಬ್ಬಿಸುತ್ತದೆ. ಕಾಕ್ಲಿಯಾದ ಒಳದ್ರವದಲ್ಲಿ ಪೊಟ್ಯಾಸಿಯಂ ತುಂಬಿರುತ್ತದೆ, ಸುಮಾರು 80 ಮಿಲಿವೋಲ್ಟ್ ವಿದ್ಯುತ್ ಒತ್ತಡವೂ ಇರುತ್ತದೆ. ಆ ಒತ್ತಡ ಇದ್ದರೇನೇ ಕೂದಲುಕೋಶ ಕೆಲಸ ಮಾಡುವುದು. ಅದನ್ನು ಕಾಪಾಡುವ ರಕ್ತನಾಳದ ಪಟ್ಟಿಗೆ ಉರಿಯೂತ ತಗುಲಿದರೆ ಕೋಶ ಬದುಕಿದ್ದೂ ಕೇಳುವುದಿಲ್ಲ. ಬೇಗ ಔಷಧಿ ಬಿದ್ದರೆ ಇದರಲ್ಲಿ ಒಂದಷ್ಟು ವಾಪಸ್ ಬರುತ್ತದೆ.

ಮೂರನೆಯದು ಸ್ಯೂಡೊಮೊನಾಸ್ ಹೊರಗೆ ಬಿಡುವ ಎಕ್ಸೊಟಾಕ್ಸಿನ್ ಎ. ಇದು ಕೋಶದೊಳಗೆ ನುಗ್ಗಿ ಪ್ರೋಟೀನ್ ತಯಾರಿಯನ್ನೇ ನಿಲ್ಲಿಸುತ್ತದೆ. ಗಂಟಲಮಾರಿಯ ವಿಷ, ಅಂದರೆ ಡಿಫ್ತೀರಿಯಾದ್ದು, ಹೊಡೆಯುವುದೂ ಸರಿಯಾಗಿ ಇದೇ ಜಾಗಕ್ಕೆ.

ಸತ್ತ ಕೋಶ ಮತ್ತೆ ಬೆಳೆಯುವುದಿಲ್ಲವೇ? ಕೋಳಿಗೆ ಬೆಳೆಯುತ್ತದಂತೆ?

ಕೋಳಿಗೆ ಬೆಳೆಯುತ್ತದೆ, ಸುಳ್ಳಲ್ಲ. 1988ರಲ್ಲಿ ಕೋಳಿಮರಿ ಮತ್ತು ಕ್ವೇಲ್ ಹಕ್ಕಿಗಳ ಮೇಲೆ ನಡೆದ ಕೆಲಸಗಳಿಂದ ಇದು ಖಚಿತವಾಯಿತು. ಭಾರೀ ಸದ್ದಿನಿಂದ ಸತ್ತ ಕೂದಲುಕೋಶಗಳ ಜಾಗದಲ್ಲಿ, ಪಕ್ಕದ ಆಧಾರಕೋಶಗಳು ಒಂದು ಎರಡಾಗಿ ಹೊಸ ಕೋಶಗಳು ಬಂದವು. ಔಷಧಿಯಿಂದ ಸತ್ತಾಗಲೂ ಹೀಗೇ ಆಗುತ್ತದೆ. ಕೆಲವು ವಾರಗಳಲ್ಲಿ ಕೇಳುವ ಶಕ್ತಿಯೂ ಬಹುಪಾಲು ವಾಪಸ್. ಮೀನು, ಕಪ್ಪೆಗಳಿಗೂ ಈ ಭಾಗ್ಯ ಇದೆ.

ನಾಯಿ, ಬೆಕ್ಕು, ದನ, ಮನುಷ್ಯ ಯಾರಿಗೂ ಇಲ್ಲ. ಬೆಳೆದ ಸಸ್ತನಿಗಳ ಕಾಕ್ಲಿಯಾದಲ್ಲಿ ಹೋದದ್ದು ಹೋಯಿತು.

ಕೋಳಿಯ ವಿಷಯ ಬಂದದ್ದಕ್ಕೆ ಹುಂಜದ್ದು ಇನ್ನೊಂದು. ಅದು ಕೂಗುವ ಸದ್ದು ಅದರ ಕಿವಿಯ ಹತ್ತಿರ ಅಳೆದರೆ ಅದೇ ಕಿವುಡಾಗಬೇಕು. ಆಗುವುದಿಲ್ಲ, ಯಾಕೆಂದರೆ ಬಾಯಿ ಪೂರ್ತಿ ತೆರೆದಾಗ ಅದರ ಕಿವಿದಾರಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಬೆಳಿಗ್ಗೆ ನಾಲ್ಕಕ್ಕೆ ಏಳಬೇಕಾದ ನಮಗೆ ಮಾತ್ರ ಅಂಥ ಸೌಕರ್ಯ ಇಲ್ಲ.

ನಾಯಿಯ ತಲೆ ಓರೆಯಾಗಿತ್ತು, ಸುತ್ತು ಹೊಡೆಯುತ್ತಿತ್ತು. ಮೂರು ವಾರದಲ್ಲಿ ನೆಟ್ಟಗಾಯಿತು. ಕಿವಿಯೂ ಸರಿಯಾಯಿತು ಅಂತ ತಿಳಿಯಬಹುದೇ?

ಬೇಡ. ಇಲ್ಲಿ ತುಂಬ ಜನ ಮೋಸ ಹೋಗುತ್ತಾರೆ.

ತಲೆ ಒಂದು ಕಡೆಗೆ ವಾಲುವುದು, ಕಣ್ಣುಗುಡ್ಡೆ ಪಟಪಟನೆ ಆಚೀಚೆ ಹೊಡೆಯುವುದು, ಒಂದೇ ಕಡೆಗೆ ಸುತ್ತುವುದು, ವಾಂತಿ: ಇವೆಲ್ಲ ಒಳಕಿವಿಯ ತೋಲದ ಭಾಗ ಕೆಟ್ಟದ್ದರ ಗುರುತು. ಬಲಕಿವಿಯಿಂದ ಒಂದು ಸುದ್ದಿ, ಎಡಕಿವಿಯಿಂದ ಇನ್ನೊಂದು ಸುದ್ದಿ ಹೋದರೆ ಮಿದುಳಿಗೆ ನೆಲ ಯಾವುದೆಂದು ಗೊತ್ತಾಗುವುದಿಲ್ಲ. ಆದರೆ ಮಿದುಳು ಕೆಲವೇ ವಾರದಲ್ಲಿ ಹೊಂದಿಕೊಳ್ಳುತ್ತದೆ. ಕೆಟ್ಟ ಕಡೆಯ ಲೆಕ್ಕ ಬಿಟ್ಟು ಕಣ್ಣು, ಕಾಲು, ಇನ್ನೊಂದು ಕಿವಿ ಇವುಗಳ ಮೇಲೆ ನಡೆಯುವುದನ್ನು ಕಲಿಯುತ್ತದೆ. ಒಂದು ಕಡೆಯ ಒಳಕಿವಿಯನ್ನು ಪೂರ್ತಿ ತೆಗೆದ ಪ್ರಾಣಿಗಳೂ ಹೀಗೇ ಚೇತರಿಸಿಕೊಳ್ಳುತ್ತವೆ. ಅಲ್ಲಿ ಕೋಶವೇ ಇಲ್ಲ, ಆದರೂ ನಡಿಗೆ ನೆಟ್ಟಗೆ!

ಕೇಳುವುದಕ್ಕೆ ಈ ಥರದ ಹೊಂದಾಣಿಕೆ ಇಲ್ಲ. ಹಾಗಾಗಿ ನಡಿಗೆ ಸರಿಯಾಯಿತು ಎಂದು ಔಷಧಿ ನಿಲ್ಲಿಸಬೇಡಿ. ನಡುಕಿವಿಯ ಸೋಂಕಿಗೆ ವಾರಗಟ್ಟಲೆ ಔಷಧಿ ಬೇಕಾಗುತ್ತದೆ.

ಎರಡು ಎಚ್ಚರಿಕೆ. ಮುದಿ ನಾಯಿಗೆ ಸೋಂಕೇ ಇಲ್ಲದೆ ಒಮ್ಮೆಲೇ ಹೀಗಾಗುವುದೂ ಉಂಟು, ಅದು ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಇನ್ನೊಂದು, ಜೊಲ್ಲು ಸುರಿಸಿಕೊಂಡು ತೂರಾಡುವ, ದನಿ ಬದಲಾದ, ಲಸಿಕೆ ಗೊತ್ತಿಲ್ಲದ ನಾಯಿಯಾದರೆ ಕಿವಿ ನೋಡಲು ಹೋಗಲೇಬೇಡಿ. ಮೊದಲು ರೇಬೀಸ್ ನೆನಪಿಗೆ ಬರಬೇಕು.

ಕಿವಿನಾಳವನ್ನೇ ಪೂರ್ತಿ ತೆಗೆಯಬೇಕು ಅಂದಿದ್ದಾರೆ. ಆಪರೇಷನ್ ಆದ ಮೇಲೆ ನಾಯಿಗೆ ಏನೂ ಕೇಳುವುದಿಲ್ಲವೇ?

ಹಳೇ ಸೋಂಕಿನಿಂದ ನಾಳ ದಪ್ಪಗಟ್ಟಿ, ಕಲ್ಲಾಗಿ, ಮುಚ್ಚಿಹೋದ ನಾಯಿಗಳಿಗೆ ಈ ಆಪರೇಷನ್ ಮಾಡುತ್ತಾರೆ. ಇಡೀ ನಾಳ ತೆಗೆದು, ನಡುಕಿವಿಯ ಮೂಳೆಗೂಡನ್ನು ತೆರೆದು, ಒಳಗಿನ ಕೊಳೆತ ಪದರವನ್ನು ಕೆರೆದು ತೆಗೆಯುತ್ತಾರೆ. ಆ ಗೂಡಿಗೆ ಬುಲ್ಲಾ ಎಂದು ಹೆಸರು. ಹೊರಗಿನ ಜೋಲು ಕಿವಿ ಹಾಗೇ ಉಳಿಯುತ್ತದೆ, ದೂರದಿಂದ ನೋಡಿದವರಿಗೆ ಗೊತ್ತೂ ಆಗುವುದಿಲ್ಲ.

ಇದು ಒಳಕಿವಿಯ ಆಪರೇಷನ್ ಅಲ್ಲ ಎನ್ನುವುದು ಮುಖ್ಯ. ಸರ್ಜನ್ ಒಳಕಿವಿಯನ್ನು ಮುಟ್ಟದಿರಲು ಹೆಣಗುತ್ತಾರೆ. ಬುಲ್ಲಾದ ಮೇಲಿನ ಒಳಮೂಲೆಯಲ್ಲಿ ಕಿಂಡಿಗಳಿವೆ. ಅಲ್ಲಿ ಕೆರೆದರೆ ಒಳಕಿವಿಗೇ ಪೆಟ್ಟು. ಹಾಗಂತ ಕೊಳೆತ ಪದರ ಒಂದಿಷ್ಟು ಉಳಿದರೂ ಬಾವು ಮತ್ತೆ ಕಟ್ಟುತ್ತದೆ. ಸರ್ಜನ್ನರ ಕೈ ಪಳಗಿದೆಯೋ ಇಲ್ಲವೋ ಗೊತ್ತಾಗುವುದು ಇಲ್ಲೇ.

ಗಾಳಿಯಲ್ಲಿ ಬರುವ ಸದ್ದಿಗೆ ದಾರಿ ಮುಚ್ಚಿತು, ಅದು ನಿಜ. ಆದರೆ ಕಾಕ್ಲಿಯಾ ಬದುಕಿದ್ದರೆ ಮೂಳೆಯ ಮೂಲಕ ಸದ್ದು ಮುಟ್ಟುತ್ತದೆ. ಜೋರು ಸದ್ದು, ಬಾಗಿಲು ಬಡಿದದ್ದು, ಹತ್ತಿರದ ಮಾತು ಮಂದವಾಗಿ ತಿಳಿಯಬಹುದು. ಆಪರೇಷನ್ ಆದ ಮೇಲೆ "ಮೊದಲಿನ ಹಾಗೇ ಇದೆ" ಎನ್ನುವವರು ಇದ್ದಾರೆ. ಆಪರೇಷನ್‌ಗೆ ಮೊದಲೇ ನಾಯಿಗೆ ಹೆಚ್ಚೇನೂ ಕೇಳುತ್ತಿರಲಿಲ್ಲ, ಅಷ್ಟೇ. ಚಾಕು ತೆಗೆದುಕೊಂಡದ್ದಕ್ಕಿಂತ ಅದಕ್ಕೆ ಮುಂಚಿನ ವರ್ಷಗಳ ಸೋಂಕು ತೆಗೆದುಕೊಂಡದ್ದು ಜಾಸ್ತಿ.

ಅಪಾಯ ಇಲ್ಲದ ಆಪರೇಷನ್ ಅಲ್ಲ. ಮುಖದ ನರ ಪಕ್ಕದಲ್ಲೇ ಹಾದುಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಕಣ್ಣು ಮಿಟುಕುವುದಿಲ್ಲ. ಕೆಲವು ವಾರ, ಕೆಲವೊಮ್ಮೆ ಜೀವನವಿಡೀ ಕಣ್ಣಿಗೆ ಔಷಧಿ ಹಾಕಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಇದನ್ನು ಬಾಯಿಬಿಟ್ಟು ಕೇಳಿ.

ಬೆಕ್ಕಿಗೂ ಇದೇ ಆಪರೇಷನ್ನೇ?

ಸಾಮಾನ್ಯವಾಗಿ ಅಲ್ಲ. ಎಳೆ ಬೆಕ್ಕುಗಳ ನಡುಕಿವಿಯಲ್ಲಿ ಪಾಲಿಪ್ ಎಂಬ ಗಂಟು ಬೆಳೆಯುತ್ತದೆ. ಅದನ್ನು ತೆಗೆಯಲು ಕುತ್ತಿಗೆಯ ಕೆಳಗಿನಿಂದ ಬುಲ್ಲಾ ತೆರೆಯುತ್ತಾರೆ. ಕಿವಿನಾಳ ಉಳಿಯುವುದರಿಂದ ಕೇಳುವಿಕೆಯೂ ಉಳಿಯುವ ಸಂಭವ ಜಾಸ್ತಿ. ಒಂದು ಕಣ್ಣಿನ ಪಾಪೆ ಚಿಕ್ಕದಾಗಿ, ರೆಪ್ಪೆ ಜೋತುಬಿದ್ದರೆ ಗಾಬರಿ ಬೇಡ. ಬುಲ್ಲಾದೊಳಗೆ ಹಾಯುವ ನರಕ್ಕೆ ಕೈ ತಗುಲಿದ್ದರಿಂದ ಹಾಗಾಗುತ್ತದೆ, ಹೆಚ್ಚಿನವಕ್ಕೆ ಇಳಿಯುತ್ತದೆ.

ಲ್ಯಾಬ್‌ಗಳಲ್ಲಿ ಒಳಕಿವಿಯನ್ನೇ ತೆರೆಯುತ್ತಾರಲ್ಲ, ಅಲ್ಲಿ ಏನಾಗುತ್ತದೆ?

ಇದು 200 ವರ್ಷದ ಕಥೆ. 1820ರ ದಶಕದಲ್ಲಿ ಫ್ರಾನ್ಸಿನ ಫ್ಲೂರಾನ್ಸ್ ಎಂಬ ವಿಜ್ಞಾನಿ ಪಾರಿವಾಳಗಳ ಅರ್ಧವೃತ್ತ ನಾಳಗಳನ್ನು ಕತ್ತರಿಸಿದರು. ಹಕ್ಕಿ ತಲೆಯನ್ನು ಕತ್ತರಿಸಿದ ನಾಳದ ದಿಕ್ಕಿನಲ್ಲೇ ಆಡಿಸತೊಡಗಿತು, ಆದರೆ ಕಿವುಡಾಗಲಿಲ್ಲ. ಒಳಕಿವಿಯಲ್ಲಿ ಎರಡು ಬೇರೆ ಕೆಲಸ ನಡೆಯುತ್ತದೆ ಎನ್ನುವುದರ ಸುಳಿವು ಸಿಕ್ಕಿದ್ದು ಹೀಗೆ. ಸದ್ದು ಕಾಕ್ಲಿಯಾದಲ್ಲಿ ಅಲೆಯಾಗಿ ಸಾಗುವುದನ್ನು ತೋರಿಸಿದ ಬೆಕೆಶಿಗೆ 1961ರಲ್ಲಿ ನೊಬೆಲ್ ಬಂತು. ಅವರು ಸತ್ತ ಆನೆಯ ಕಿವಿಯನ್ನೂ ಬಿಡದೆ ನೋಡಿದವರು. 1965ರಲ್ಲಿ ಕಿಮುರಾ ಮತ್ತು ಶುಕ್‌ನೆಕ್ಟ್ ಗಿನಿಯಿಲಿಯ ಒಳಕಿವಿಯ ದ್ರವ ಹೀರುವ ಚೀಲವನ್ನು ಮುಚ್ಚಿದರು. ದ್ರವ ಕಟ್ಟಿ ಕಾಕ್ಲಿಯಾ ಉಬ್ಬಿತು, ದಿನ ಹೋದಂತೆ ಕೇಳುವುದು ಕಡಿಮೆಯಾಯಿತು. ಮನುಷ್ಯರಿಗೆ ತಲೆಸುತ್ತು, ಕಿವುಡು ತರುವ ಮೆನಿಯೇರ್ ಕಾಯಿಲೆಯನ್ನು ಅರ್ಥಮಾಡಿಕೊಳ್ಳಲು ಇವತ್ತಿಗೂ ಅದೇ ಮಾದರಿ ಬಳಕೆಯಲ್ಲಿದೆ.

ಇಷ್ಟೆಲ್ಲದರಿಂದ ಸರ್ಜನ್ನರು ಕಲಿತದ್ದು: ಒಳಕಿವಿಯನ್ನು ತೆರೆದ ಕೂಡಲೇ ಕಿವುಡಾಗುತ್ತದೆ ಅಂತಿಲ್ಲ. ಕಾಕ್ಲಿಯಾದಲ್ಲಿ ಎರಡು ದ್ರವಗಳು ಬೇರೆ ಬೇರೆ ಕೊಳವೆಗಳಲ್ಲಿವೆ. ಒಂದರಲ್ಲಿ ಸೋಡಿಯಂ ಜಾಸ್ತಿ, ಇನ್ನೊಂದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಹೊರಕೊಳವೆಗೆ ಸಣ್ಣ ತೂತು ಕೊರೆದು, ರಕ್ತ, ಮೂಳೆಪುಡಿ ಬೀಳದ ಹಾಗೆ ನೋಡಿಕೊಂಡು, ಸರಿಯಾಗಿ ಮುಚ್ಚಿದರೆ ಪ್ರಾಣಿಗೆ ಬಹಳಷ್ಟು ಕೇಳುವ ಶಕ್ತಿ ಉಳಿಯುತ್ತದೆ. ನಡುವಿನ ಪೊರೆ ಹರಿದು ದ್ರವಗಳು ಬೆರೆತವೋ, ಆ ಜಾಗದ ಕೋಶಗಳು ಉಳಿಯುವುದಿಲ್ಲ.

ಕಾಕ್ಲಿಯರ್ ಇಂಪ್ಲಾಂಟ್‌ಗೂ ಪ್ರಾಣಿಗಳಿಗೂ ಏನು ಸಂಬಂಧ? ನಮ್ಮ ಮಗುವಿಗೆ ಹಾಕಿಸಿದ್ದೇವೆ, ಸೋಂಕಿನ ಭಯ ಇದೆ.

ಇಂಪ್ಲಾಂಟ್ ಅಂದರೆ ಕಾಕ್ಲಿಯಾದೊಳಗೆ ತಂತಿ ಇಟ್ಟು ಕೇಳುವ ನರಕ್ಕೆ ನೇರವಾಗಿ ವಿದ್ಯುತ್ ಸುದ್ದಿ ಕೊಡುವ ಸಾಧನ. ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್ ಬೆಕ್ಕುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ, 1978ರಲ್ಲಿ ಮೊದಲ ಬಾರಿ ಮನುಷ್ಯರಿಗೆ ತಮ್ಮ ಇಂಪ್ಲಾಂಟ್ ಹಾಕಿದರು. ಹುಟ್ಟು ಕಿವುಡಿನ ಬಿಳಿ ಬೆಕ್ಕುಗಳಿಂದ ಇನ್ನೊಂದು ದೊಡ್ಡ ಪಾಠ ಸಿಕ್ಕಿತು. ಎಳೆ ಮರಿಗೆ ಇಂಪ್ಲಾಂಟ್ ಹಾಕಿದರೆ ಮಿದುಳಿನ ಕೇಳುವ ನರತುದಿಗಳು ಮತ್ತೆ ಸರಿಯಾದ ಆಕಾರಕ್ಕೆ ಬರುತ್ತವೆ. ದೊಡ್ಡದಾದ ಮೇಲೆ ಹಾಕಿದರೆ ಅಷ್ಟು ಆಗುವುದಿಲ್ಲ. ಮಕ್ಕಳಿಗೆ ಬೇಗ ಹಾಕಿಸಿ ಎನ್ನುವುದರ ಹಿಂದೆ ಈ ಬೆಕ್ಕುಗಳೂ ಇವೆ. ಕೇರಳದ ಶ್ರುತಿತರಂಗಂ ಯೋಜನೆ ಚಿಕ್ಕ ಮಕ್ಕಳಿಗಾಗಿಯೇ ಇದೆ. ಕನ್ನಡದಲ್ಲೇ ಮಾತಿನ ತರಬೇತಿ ಬೇಕೆನ್ನುವ ನಮ್ಮ ಕಡೆಯವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ.

ಈಗ ಸೋಂಕಿನ ಮಾತು. 2002ರ ಹೊತ್ತಿಗೆ ಇಂಪ್ಲಾಂಟ್ ಹಾಕಿಸಿಕೊಂಡ ಕೆಲವರಿಗೆ ಮೆನಿಂಜೈಟಿಸ್ ಬಂದದ್ದು ಗಮನಕ್ಕೆ ಬಂತು. ಒಳಗೆ ಬೆಣೆಯೊಂದನ್ನು ಸೇರಿಸುತ್ತಿದ್ದ ಒಂದು ಮಾದರಿಯಲ್ಲಿ ಜಾಸ್ತಿ. ಆಮೇಲೆ ಮೆಲ್ಬೋರ್ನಿನಲ್ಲಿ ಇಲಿಗಳ ಮೇಲೆ ನೋಡಿದರು. ಕಾಕ್ಲಿಯಾಗೆ ತೂತು ಕೊರೆದು ಇಂಪ್ಲಾಂಟ್ ಇಟ್ಟ ಇಲಿಗೆ ಮೆನಿಂಜೈಟಿಸ್ ಬರಿಸಲು ಕಡಿಮೆ ನ್ಯುಮೊಕಾಕಸ್ ಸಾಕಾಯಿತು. ಆಪರೇಷನ್ ಮತ್ತು ಬ್ಯಾಕ್ಟೀರಿಯಾ ಎರಡೂ ಸೇರಿದರೆ ಲೆಕ್ಕ ಬೇರೆಯೇ ಆಗುತ್ತದೆ, ಅಲ್ವಾ? ಆ ಬೆಣೆಯ ಮಾದರಿ ಆಗಲೇ ಮಾರುಕಟ್ಟೆಯಿಂದ ಹೋಯಿತು. ಇಂಪ್ಲಾಂಟ್ ಇರುವ ಮಕ್ಕಳಿಗೆ ನ್ಯುಮೊಕಾಕಲ್ ಲಸಿಕೆ ಹಾಕಿಸಲು ಹೇಳುವುದು ಇದೇ ಕಾರಣಕ್ಕೆ. ಲಸಿಕೆ ಕಾರ್ಡ್ ತೆಗೆದು ನೋಡಿ. ಆ ಕಿವಿ ನೋವು, ಜ್ವರ ಬಂದರೆ ಅಂದೇ ಡಾಕ್ಟರಿಗೆ ತೋರಿಸಿ.

ಗಂಟಲಮಾರಿಯ ವಿಷವನ್ನು ಇಲಿಗಳಿಗೆ ಕೊಟ್ಟು ಕಿವುಡು ಮಾಡುತ್ತಾರಂತೆ. ಯಾಕೆ?

ಮಾಮೂಲಿ ಇಲಿಗೆ ಈ ವಿಷ ನಾಟುವುದೇ ಇಲ್ಲ. ಅದರ ಕೋಶದ ಮೇಲೆ ವಿಷ ಹಿಡಿದುಕೊಳ್ಳುವ ಕೊಂಡಿ ಸರಿಯಿಲ್ಲ, ನಮ್ಮದರ ಮೇಲೆ ಇದೆ. ಮನುಷ್ಯರ ಆ ಕೊಂಡಿಯನ್ನು ಇಲಿಯ ಕೂದಲುಕೋಶಗಳಲ್ಲಿ ಮಾತ್ರ ಇರುವ ಹಾಗೆ ತಳಿ ಬೆಳೆಸಿದರು. ಈಗ ವಿಷ ಕೊಟ್ಟರೆ ಕೂದಲುಕೋಶ ಮಾತ್ರ ಸಾಯುತ್ತದೆ, ಅಕ್ಕಪಕ್ಕದ ಕೋಶ, ನರ ಎಲ್ಲ ಉಳಿಯುತ್ತವೆ. ಕೂದಲುಕೋಶ ಹೋದ ಮೇಲೆ ನರ ಎಷ್ಟು ದಿನ ಬದುಕುತ್ತದೆ, ಮತ್ತೆ ಬೆಳೆಸಲು ಆಗುತ್ತದೆಯೇ ಎಂದು ನೋಡಲು ಇದಕ್ಕಿಂತ ಅಚ್ಚುಕಟ್ಟಾದ ದಾರಿ ಇಲ್ಲ. 2012ರಲ್ಲಿ ಪ್ರಕಟವಾದ ಇಂಥ ಕೆಲಸದಲ್ಲಿ ತೋಲದ ಭಾಗದ ಕೋಶಗಳು ಬೆಳೆದ ಇಲಿಗಳಲ್ಲೂ ಸ್ವಲ್ಪ ಮಟ್ಟಿಗೆ ಮತ್ತೆ ಬಂದದ್ದು ಕಂಡಿತು. ಕಾಕ್ಲಿಯಾದಲ್ಲಿ ಆ ಅದೃಷ್ಟ ಇಲ್ಲ.

ಜೆಂಟಾಮೈಸಿನ್ ಕಿವಿಗೆ ಕೆಟ್ಟದ್ದು ಅಂತಾರೆ, ಡಾಕ್ಟ್ರು ಕಿವಿಗೇ ಬರೆದುಕೊಟ್ಟಿದ್ದಾರೆ!

ಎರಡೂ ಸರಿ. ಜೆಂಟಾಮೈಸಿನ್ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ. ಕಿವಿತಮಟೆ ಗಟ್ಟಿಯಾಗಿದ್ದರೆ ಹನಿ ಹೊರಕಿವಿಯಲ್ಲೇ ನಿಲ್ಲುತ್ತದೆ. ತಮಟೆ ಹರಿದಿದ್ದರೆ ದುಂಡು ಕಿಂಡಿಯ ಮೇಲೆ ಹೋಗಿ ಕೂರುತ್ತದೆ. ಅದಕ್ಕೇ ಹನಿ ಹಾಕುವ ಮೊದಲು ತಮಟೆ ನೋಡಬೇಕು. ಕಿವಿಯೊಳಗೆ ಇಣುಕದೆ ಬರೆದ ಹನಿಯ ಚೀಟಿಯನ್ನು ನಾನಾದರೆ ನಂಬುವುದಿಲ್ಲ.

ಇದೇ ಗುಂಪಿನ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಕ್ಷಯಕ್ಕೆ ಕೊಟ್ಟ ಕೆಲವೇ ವರ್ಷದಲ್ಲಿ ರೋಗಿಗಳಿಗೆ ತಲೆಸುತ್ತು, ಕಿವುಡು ಬರುವುದು ಕಂಡಿತು. ಈ ಗುಂಪಿನ ಔಷಧಿಗಳನ್ನು ಮೂಲದಲ್ಲಿ ಮಾಡುವುದೂ ಮಣ್ಣಿನ ಬ್ಯಾಕ್ಟೀರಿಯಾಗಳೇ. ಬೇರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಮಾಡಿಕೊಂಡ ವಿಷ ನಮ್ಮ ಕೂದಲುಕೋಶಕ್ಕೂ ತಗುಲುತ್ತದೆ. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್ ತೋಲದ ಭಾಗಕ್ಕೆ ಜಾಸ್ತಿ. ನಿಯೊಮೈಸಿನ್, ಅಮಿಕಾಸಿನ್ ಕೇಳುವ ಭಾಗಕ್ಕೆ ಜಾಸ್ತಿ.

ಎಂಡೊಟಾಕ್ಸಿನ್ ಜೊತೆ ಸೇರಿದರೆ ಇನ್ನೂ ಕಷ್ಟ. ಇಲಿಗಳಿಗೆ ಮೊದಲು ಎಂಡೊಟಾಕ್ಸಿನ್ ಕೊಟ್ಟು ಆಮೇಲೆ ಈ ಗುಂಪಿನ ಔಷಧಿ ಕೊಟ್ಟಾಗ ಕಾಕ್ಲಿಯಾದೊಳಗೆ ಔಷಧಿ ಜಾಸ್ತಿ ಸೇರಿತು, ಕೇಳುವಿಕೆಯೂ ಜಾಸ್ತಿ ಹೋಯಿತು. ಅಂದರೆ ಸೋಂಕು ಜೋರಾಗಿದ್ದಾಗಲೇ ಔಷಧಿಯ ಅಪಾಯವೂ ಜಾಸ್ತಿ. ಜೀವ ಉಳಿಸಬೇಕಾದಾಗ ಕೊಡಲೇಬೇಕಾಗುತ್ತದೆ, ಬೇರೆ ದಾರಿ ಇಲ್ಲ. ಹಿಂದಿನ ಸಲ ಉಳಿದ ಬಾಟಲಿಯಿಂದ ನೀವೇ ಹಾಕುವುದು ಮಾತ್ರ ಬೇಡ.

ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ ಬಿಡಬಹುದೇ? ಅಜ್ಜಿಯ ಕಾಲದಿಂದ ಬಿಡುತ್ತೇವೆ.

ಬೇಡ. ಎಣ್ಣೆಯಿಂದ ಕಿವಿಯೊಳಗೆ ಪಸೆ ನಿಲ್ಲುತ್ತದೆ, ಮಲಸೇಜಿಯಕ್ಕೆ ಕೊಬ್ಬು ಅಂದರೆ ಊಟ. ತಮಟೆ ಹರಿದಿದ್ದರೆ ನಡುಕಿವಿಗೇ ಇಳಿಯುತ್ತದೆ. ಬಿಸಿ ಜಾಸ್ತಿಯಾದರೆ ಸುಡುತ್ತದೆ ಕೂಡ. ಡೆಟ್ಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಕೂಡ ಬೇಡವೇ ಬೇಡ. ಗಾಯ ತೊಳೆಯುವ ಕ್ಲೋರ್‌ಹೆಕ್ಸಿಡಿನ್ ಚರ್ಮಕ್ಕೆ ಒಳ್ಳೆಯದು, ಆದರೆ ಹರಿದ ತಮಟೆಯ ಮೂಲಕ ಒಳಕಿವಿಗೆ ತಲುಪಿದರೆ ಕಿವುಡು ಮಾಡಬಲ್ಲದು. ತಮಟೆ ಹೇಗಿದೆಯೋ ಗೊತ್ತಿಲ್ಲದಾಗ ಆಸ್ಪತ್ರೆಯಲ್ಲಿ ಸಲೈನಿನಲ್ಲಿ ತೊಳೆಯುವುದು ಇದಕ್ಕೇ.

ಕರುವಿನ ಒಂದು ಕಿವಿ ಜೋತುಬಿದ್ದಿದೆ. ಹಾಲು ಕುಡಿಯುವಾಗ ತಲೆ ಓರೆ ಮಾಡುತ್ತದೆ.

ಬೇಗ ತೋರಿಸಿ. ಹಾಲುಗರುಗಳಲ್ಲಿ ನಡುಕಿವಿ, ಒಳಕಿವಿ ಸೋಂಕಿಗೆ ಮೈಕೊಪ್ಲಾಸ್ಮಾ ಬೋವಿಸ್ ಒಂದು ದೊಡ್ಡ ಕಾರಣ. ಕೆಮ್ಮು, ಜ್ವರದ ಜೊತೆ ಬರುತ್ತದೆ, ಗಂಟಲಿನಿಂದ ಕೊಳವೆಯ ಮೂಲಕ ಕಿವಿಗೆ ಏರುತ್ತದೆ. ಕೆಚ್ಚಲು ಬಾವು ಬಂದ ಹಸುವಿನ ಹಾಲನ್ನು "ಡೈರಿಗೆ ಹಾಕಲಾಗದು, ಕರುವಿಗಾದರೂ ಆಗಲಿ" ಎಂದು ಕುಡಿಸುವ ರೂಢಿ ನಮ್ಮಲ್ಲಿದೆ. ಅದನ್ನು ಬಿಡಿ. ಈ ಬ್ಯಾಕ್ಟೀರಿಯಾಗೆ ಕೋಶಗೋಡೆ ಇಲ್ಲ. ಗೋಡೆಗೆ ಹೊಡೆಯುವ ಪೆನಿಸಿಲಿನ್‌ಗೆ ಇಲ್ಲಿ ಕೆಲಸವೇ ಇಲ್ಲ. ಹಳೇ ಇಂಜೆಕ್ಷನ್ ಹಾಕಿಸಿ ಕಾದರೆ ಸುಮ್ನೆ ದಿನ ಕಳೆಯುತ್ತದೆ.

ಆಡಿನಲ್ಲಿ ಇದೇ ಥರ ಕಿವಿ ಜೋತು, ಬಾಯಿಯ ಒಂದು ಕಡೆಯಿಂದ ಜೊಲ್ಲು ಸುರಿದು, ಸುತ್ತು ಹೊಡೆದರೆ ಅದು ಕಿವಿಯದ್ದಾಗಿರದೆ ಮಿದುಳಿಗೆ ತಗುಲುವ ಲಿಸ್ಟೀರಿಯಾ ಆಗಿರಬಹುದು. ಗಂಟೆ ಲೆಕ್ಕದಲ್ಲಿ ಔಷಧಿ ಬೀಳಬೇಕು.

ಪ್ರಾಣಿಯ ಸೋಂಕಿನಿಂದ ನಾವು ಕಿವುಡಾಗುವುದು ಉಂಟೇ?

ಹಂದಿ ಸಾಕುವವರು, ಹಸಿ ಮಾಂಸ ಕೊಯ್ಯುವವರು ಗಮನಿಸಿ. ಹಂದಿಯ ಸ್ಟ್ರೆಪ್ಟೊಕಾಕಸ್ ಸೂಯಿಸ್ ಕೈಯ ಗಾಯದಿಂದ ಮನುಷ್ಯರಿಗೆ ಹೋಗಬಲ್ಲದು. ಅದರಿಂದ ಬರುವ ಮೆನಿಂಜೈಟಿಸ್‌ನಲ್ಲಿ ಬದುಕಿದವರಿಗೂ ಕಿವುಡು ಉಳಿಯುವುದು ತುಂಬ ಸಾಮಾನ್ಯ. ಗಾಯ ಇದ್ದರೆ ಗ್ಲೌಸ್ ಹಾಕಿ. ನಾಯಿಯ ಕಿವಿಸೋಂಕು ಮುಟ್ಟಿದ ಕೈ ತೊಳೆದರೆ ಸಾಕು.

ನಾಯಿಗೆ ಕೇಳುತ್ತದೆಯೋ ಇಲ್ಲವೋ ಮನೆಯಲ್ಲೇ ನೋಡುವುದು ಹೇಗೆ?

ಮಲಗಿ ನಿದ್ದೆ ಮಾಡುವಾಗ, ಅದರ ಕಣ್ಣಿಗೆ ಬೀಳದ ಕಡೆಯಿಂದ ಸದ್ದು ಮಾಡಿ. ನೆಲ ತುಳಿಯಬೇಡಿ, ಪಾತ್ರೆ ಬೀಳಿಸಬೇಡಿ. ನೆಲದ ಅದುರು, ಗಾಳಿಯ ಬೀಸು ತಿಳಿದೇ ಎದ್ದೀತು. ಕೀಲಿಕೈ ಗೊಂಚಲು, ಸೀಟಿ ಒಳ್ಳೆಯದು.

ಕೀಚಲು ಸದ್ದನ್ನೇ ಬಳಸಿ, ಯಾಕೆಂದರೆ ವಿಷ ಮೊದಲು ಕೊಲ್ಲುವುದು ಆ ಭಾಗವನ್ನು. ನಮಗೆ ಕೇಳುವುದು 20,000 ಹರ್ಟ್ಸ್‌ವರೆಗೆ. ನಾಯಿಗೆ ಸುಮಾರು 45,000, ಬೆಕ್ಕಿಗೆ 60,000ಕ್ಕೂ ಮೇಲೆ, ದನಕ್ಕೆ 35,000. ನಮ್ಮ ಮಾತು ಇದೆಲ್ಲದರ ತಳದಲ್ಲಿದೆ. ಮೇಲಿನ ಅರ್ಧ ಪೂರ್ತಿ ಹೋದರೂ ನಾಯಿ "ಬಾ" ಅಂದರೆ ಬರುತ್ತದೆ. ನಾವು ಚೆನ್ನಾಗಿದೆ ಎಂದುಕೊಳ್ಳುತ್ತೇವೆ.

ಒಂದೇ ಕಿವಿ ಹೋಗಿದ್ದರೆ ಮನೆಯ ಪರೀಕ್ಷೆಯಲ್ಲಿ ಗೊತ್ತಾಗುವುದು ಕಷ್ಟ. ಕರೆದಾಗ ಯಾವ ಕಡೆಯಿಂದ ಎಂದು ತಿಳಿಯದೆ ತಲೆ ಆಚೀಚೆ ತಿರುಗಿಸಿದರೆ ಅನುಮಾನ ಪಡಿ. ಖಚಿತವಾಗಬೇಕಾದರೆ ಬಿಎಇಆರ್ ಎಂಬ ಪರೀಕ್ಷೆ ಇದೆ. ಕಿವಿಗೆ ಟಿಕ್ ಟಿಕ್ ಸದ್ದು ಕೊಟ್ಟು, ತಲೆಯ ಚರ್ಮದ ಸಣ್ಣ ಸೂಜಿಗಳಿಂದ ಮೊದಲ 10 ಮಿಲಿಸೆಕೆಂಡಿನ ನರದ ಅಲೆಗಳನ್ನು ದಾಖಲಿಸುತ್ತಾರೆ. ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಸಿಗುವಂಥದ್ದಲ್ಲ. ದೊಡ್ಡ ವೆಟರ್ನರಿ ಕಾಲೇಜುಗಳಲ್ಲಿ ವಿಚಾರಿಸಿ.

ಜಾತ್ರೆಯ ಗರ್ನಾಲಿನಿಂದ ಕಿವುಡಾಗುವುದೂ, ಎಂಡೋಸಲ್ಫಾನೂ ಇದೇ ಬಗೆಯದ್ದೇ?

ಅಲ್ಲ. ಗರ್ನಾಲು, ಅಂದರೆ ಸಿಡಿಮದ್ದು, ಸದ್ದಿನ ಪೆಟ್ಟು. ಆದರೆ ಕೊನೆಗೆ ಸಾಯುವುದು ಅದೇ ಕೂದಲುಕೋಶ. ಕೋಶ ಉಳಿದರೂ ಅದಕ್ಕೆ ಅಂಟಿದ ನರತುದಿ ಕಳಚಬಹುದು ಎಂದು 2009ರಲ್ಲಿ ಇಲಿಗಳಲ್ಲಿ ಕಂಡುಬಂತು. ಎಂಡೋಸಲ್ಫಾನ್ ಮನುಷ್ಯ ಮಾಡಿದ ಕೀಟನಾಶಕ, ನರಗಳ ಮೇಲೆ ಕೆಲಸ ಮಾಡುವ ವಿಷ. ಹೆಸರಿನ ಶುರು ಒಂದೇ ಆದ್ದರಿಂದ ಎಂಡೊಟಾಕ್ಸಿನ್ ಜೊತೆ ಕಲಸಿಕೊಳ್ಳುತ್ತಾರೆ. ಎರಡಕ್ಕೂ ಸಂಬಂಧ ಇಲ್ಲ.

ಪ್ರಯೋಗದ ಪ್ರಾಣಿಗಳಿಗೆ ನೋವಾಗುವುದಿಲ್ಲವೇ?

ಅರಿವಳಿಕೆ ಕೊಟ್ಟೇ ಮಾಡಬೇಕು. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಕೆಳಗೆ ಇದಕ್ಕೆಂದೇ ಒಂದು ಸಮಿತಿ ಇದೆ. ಪ್ರತಿ ಸಂಸ್ಥೆಯಲ್ಲೂ ಒಪ್ಪಿಗೆ ಕೊಡುವ ನೀತಿಸಮಿತಿ ಬೇಕು. ಆದರೂ ಎಚ್ಚರವಾದ ಮೇಲೆ ಆ ಇಲಿಗೆ ತಲೆಸುತ್ತು, ಕಿವುಡು ಇರುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಇಂಪ್ಲಾಂಟ್ ಹಾಕಿದ ಮಗು ಮಾತಾಡುವುದನ್ನು ನೋಡಿದವರಿಗೆ ಬೇಡ ಎನ್ನಲು ಬಾಯಿ ಬಾರದು. ನೀರಿನ ಜೀಬ್ರಾಮೀನು, ಲ್ಯಾಬಿನಲ್ಲಿ ಬೆಳೆಸಿದ ಕೋಶಗಳಲ್ಲಿ ಆಗುವ ಕೆಲಸಕ್ಕೆ ಗಿನಿಯಿಲಿ ಬಳಸಬಾರದು ಎನ್ನುವ ಮಟ್ಟಿಗೆ ನಾನೂ ಒಪ್ಪುತ್ತೇನೆ.

ನಾಯಿ ಪೂರಾ ಕಿವುಡಾಗಿದೆ. ಯಾವಾಗಲೂ ಕಟ್ಟಿಯೇ ಹಾಕಬೇಕೇ?

ಬೇಲಿ ಇರುವ ಹಿತ್ತಲಲ್ಲಿ ಬಿಡಬಹುದು. ಹೈವೇ ಪಕ್ಕದ ಮನೆಯಾದರೆ ಬಿಡಲೇಬೇಡಿ, ಹಿಂದಿನಿಂದ ಬರುವ ಗಾಡಿ ಅದಕ್ಕೆ ಗೊತ್ತಾಗುವುದಿಲ್ಲ. ಕೈಸನ್ನೆ ಕಲಿಸಿ, ನಾಯಿಗಳು ಮಾತಿಗಿಂತ ಬೇಗ ಸನ್ನೆ ಕಲಿಯುತ್ತವೆ. ರಾತ್ರಿ ಕರೆಯಲು ಟಾರ್ಚನ್ನು ಎರಡು ಸಲ ಮಿನುಗಿಸಿದರೆ ಸಾಕು. ಮಲಗಿದ್ದಾಗ ಹಿಂದಿನಿಂದ ಮುಟ್ಟಬೇಡಿ, ಬೆಚ್ಚಿಬಿದ್ದು ಕಚ್ಚೀತು. ಮೊದಲು ಅದರ ಮೂಗಿನ ಹತ್ತಿರ ಕೈ ಹಿಡಿಯಿರಿ, ವಾಸನೆ ಸಿಕ್ಕಿ ತಾನೇ ಕಣ್ಣು ಬಿಡುತ್ತದೆ. ಮನೆಗೆ ಬರುವ ಮಕ್ಕಳಿಗೂ ಇದನ್ನು ಹೇಳಿಕೊಡಿ. ಕುತ್ತಿಗೆಪಟ್ಟಿಯ ಮೇಲೆ "ಕಿವಿ ಕೇಳುವುದಿಲ್ಲ" ಎಂದು ಕನ್ನಡ, ಮಲಯಾಳ ಎರಡರಲ್ಲೂ ಬರೆಸಿ, ಫೋನ್ ನಂಬರ್ ಹಾಕಿ.